ಹರಿದ ಎಳೆಯನ್ನು ಹೊಲಿಯುವ ರೋಗಾಣು

ಜ್ವರ, ಭೇದಿ, ಮೂತ್ರದ ಉರಿ, ಇವುಗಳಲ್ಲಿ ಯಾವುದು ಬಂದರೂ ಅಂಗಡಿಗೆ ಹೋಗಿ "ಎರಡು ಸಿಪ್ರೊ ಕೊಡಿ" ಎಂದು ಕೇಳಿ ತರುವ ವಾಡಿಕೆ ನಮ್ಮ ಕಡೆ ಬೇರೂರಿದೆ. ಎರಡು ಮಾತ್ರೆ ನುಂಗಿ, ಜ್ವರ ಇಳಿದರೆ ಉಳಿದದ್ದನ್ನು ಅಲಮಾರಿನಲ್ಲಿ ಇಡುತ್ತೇವೆ. ಮುಂದಿನ ಬಾರಿ ಮಗುವಿಗೆ ಶೀತವಾದರೆ ಅದರಲ್ಲೇ ಅರ್ಧ ಮುರಿದು ಕೊಡುತ್ತೇವೆ. ಈ ಅಭ್ಯಾಸ ತಪ್ಪು ಎಂದು ವೈದ್ಯರು ಎಷ್ಟೋ ಸಲ ಹೇಳಿದ್ದಾರೆ. ಆದರೆ ಏಕೆ ತಪ್ಪು ಎಂಬುದನ್ನು ಬಿಡಿಸಿ ಹೇಳಿದವರು ಕಡಿಮೆ. ಕಾರಣ ತಿಳಿಯದ ಬುದ್ಧಿಮಾತು ಹೆಚ್ಚು ದಿನ ನಿಲ್ಲುವುದಿಲ್ಲ. ಆದ್ದರಿಂದ ಈ ಸಲ ಕಾರಣವನ್ನೇ ನೋಡೋಣ.

ಆ ಕಾರಣ ಕಣ್ಣಿಗೆ ಕಾಣದ ಒಂದು ರಿಪೇರಿ ಕೆಲಸದಲ್ಲಿದೆ. ಬ್ಯಾಕ್ಟೀರಿಯಾ ತನ್ನ ಹರಿದುಹೋದ ಡಿ.ಎನ್.ಎ.ಯನ್ನು ತಾನೇ ಹೊಲಿದುಕೊಳ್ಳುತ್ತದೆ. ಈ ಹೊಲಿಗೆಯನ್ನು ಎಂಬತ್ತು ವರ್ಷಗಳಿಂದ ಕೆಲವರು ತಾಳ್ಮೆಯಿಂದ ಅಭ್ಯಾಸ ಮಾಡಿದ್ದಾರೆ. ಅವರು ಕಂಡುಹಿಡಿದದ್ದು ನಮ್ಮ ಮನೆಯ ಔಷಧಿ ಡಬ್ಬಕ್ಕೂ ಕೋಳಿ ಗೂಡಿಗೂ ನೇರವಾಗಿ ಸಂಬಂಧಿಸಿದೆ ಎಂಬುದು ನನ್ನ ಅಭಿಪ್ರಾಯ.

ಹುರಿ ಹಗ್ಗದಂಥ ಎಳೆ

ನಮ್ಮ ಕರುಳಿನಲ್ಲಿ ವಾಸಿಸುವ ಇ-ಕೋಲೈ ಎಂಬ ಬ್ಯಾಕ್ಟೀರಿಯಾವನ್ನು ತೆಗೆದುಕೊಳ್ಳಿ. ಅದರ ಉದ್ದ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿನಷ್ಟು. ಆದರೆ ಅದರೊಳಗಿರುವ ಡಿ.ಎನ್.ಎ. ಎಳೆಯನ್ನು ಬಿಡಿಸಿ ಹಿಡಿದರೆ ಸುಮಾರು ಒಂದೂವರೆ ಮಿಲಿಮೀಟರ್ ಬರುತ್ತದೆ. ಎರಡು ಎಳೆಗಳನ್ನು ಹೊಸೆದ ತೆಂಗಿನ ನಾರಿನ ಹಗ್ಗದಂತೆ ಅದರ ರೂಪ. ಆ ಹಗ್ಗದಲ್ಲಿ ಸುಮಾರು 46 ಲಕ್ಷ ಅಕ್ಷರ ಜೋಡಿಗಳಿವೆ. ಆ ಜೀವಿ ಏನು ತಿನ್ನಬೇಕು, ಹೇಗೆ ಬೆಳೆಯಬೇಕು, ಹೇಗೆ ಎರಡಾಗಬೇಕು ಎಂಬ ಎಲ್ಲ ಆಜ್ಞೆಗಳೂ ಅದರಲ್ಲೇ ಬರೆದಿವೆ. ಅನುಕೂಲವಿದ್ದರೆ ಅದು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಪ್ರತಿ ಸಲವೂ ಇಡೀ ಬರಹದ ನಕಲು ಬೇಕು.

ಈ ಎಳೆಗೆ ದಿನವೂ ಏಟು ಬೀಳುತ್ತದೆ. ಬಿಸಿಲಿನ ಅತಿನೇರಳೆ ಕಿರಣ ತಗಲಿದರೆ ಪಕ್ಕಪಕ್ಕದ ಎರಡು ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೀರು, ಶಾಖ, ವಿಷವಸ್ತುಗಳು ಅಕ್ಷರಗಳನ್ನು ಕೆಡಿಸುತ್ತವೆ. ನಕಲು ಮಾಡುವಾಗಲೂ ತಪ್ಪಾಗುತ್ತದೆ. ಡಿ.ಎನ್.ಎ. ಅಲುಗಾಡದ ಗಟ್ಟಿ ವಸ್ತು ಎಂದು ಮೊದಲು ವಿಜ್ಞಾನಿಗಳು ನಂಬಿದ್ದರು. ಅದು ತಾನಾಗಿಯೇ ಕೆಡುತ್ತಿರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವರು ಸ್ವೀಡನ್ನಿನ ಥಾಮಸ್ ಲಿಂಡಾಲ್. ಹಾಗಾದರೆ ಅದನ್ನು ಸರಿಪಡಿಸುವವರು ಇರಲೇಬೇಕು ಎಂದು ಅವರು ಹುಡುಕಿ, 1974ರಲ್ಲಿ ಇ-ಕೋಲೈಯಲ್ಲಿ ಕೆಟ್ಟ ಅಕ್ಷರವನ್ನು ಕಿತ್ತುಹಾಕುವ ಒಂದು ಕಿಣ್ವವನ್ನು ಪತ್ತೆ ಮಾಡಿದರು.

ಬೆಳಕೇ ಮದ್ದಾದ ಕಥೆ

ಅದಕ್ಕೂ ಮೊದಲು, 1949ರಲ್ಲಿ, ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಕೆಲ್ನರ್ ಎಂಬವರು ಒಂದು ವಿಚಿತ್ರವನ್ನು ಕಂಡರು. ಸ್ಟ್ರೆಪ್ಟೊಮೈಸಿನ್ ಮದ್ದನ್ನು ಕೊಡುವ ಮಣ್ಣಿನ ಸೂಕ್ಷ್ಮಜೀವಿಯ ಮೇಲೆ ಅವರು ಅತಿನೇರಳೆ ಕಿರಣ ಬಿಡುತ್ತಿದ್ದರು. ಒಂದೇ ಪ್ರಮಾಣದ ಕಿರಣ ಕೊಟ್ಟರೂ ಬದುಕಿ ಉಳಿಯುವವುಗಳ ಸಂಖ್ಯೆ ಮಾತ್ರ ಒಮ್ಮೆ ಬಹಳ ಕಡಿಮೆ, ಇನ್ನೊಮ್ಮೆ ಬಹಳ ಹೆಚ್ಚು. ಶಾಖದ ವ್ಯತ್ಯಾಸವಿರಬಹುದೇ ಎಂದು ಪರೀಕ್ಷಿಸಿದರು. ಅದಲ್ಲ. ಕೊನೆಗೆ ಗೊತ್ತಾದದ್ದು, ಸಾಮಾನ್ಯ ಬೆಳಕು ಬಿದ್ದ ಪಾತ್ರೆಗಳಲ್ಲಿ ಅವು ಚೇತರಿಸಿಕೊಳ್ಳುತ್ತಿವೆ ಎಂದು! ಕಣ್ಣಿಗೆ ಕಾಣುವ ಬೆಳಕನ್ನು ಬಳಸಿ, ಅಂಟಿಕೊಂಡ ಅಕ್ಷರಗಳನ್ನು ಬಿಡಿಸುವ ಒಂದು ಕಿಣ್ವ ಅವುಗಳಲ್ಲಿತ್ತು. ಅದೇ ಫೋಟೊಲಯೇಸ್.

ಈ ಕಿಣ್ವ ಗಿಡಗಳಲ್ಲೂ ಇದೆ. ಜಪಾನಿನ ನೋರಿನ್-1 ಎಂಬ ಭತ್ತದ ತಳಿ ಅತಿನೇರಳೆ ಕಿರಣಕ್ಕೆ ಬೇಗ ಸೊರಗುತ್ತದೆ, ಸಾಸಾನಿಶಿಕಿ ಎಂಬ ತಳಿ ತಾಳಿಕೊಳ್ಳುತ್ತದೆ. ವ್ಯತ್ಯಾಸ ಈ ಕಿಣ್ವದ ಒಂದೇ ಒಂದು ಕಣದಲ್ಲಿದೆ ಎಂದು ಅಲ್ಲಿನ ಕೃಷಿ ವಿಜ್ಞಾನಿಗಳು ತೋರಿಸಿದ್ದಾರೆ. ಮನುಷ್ಯರಲ್ಲಿ ಮಾತ್ರ ಈ ಕಿಣ್ವ ಇಲ್ಲ. ನಾವು ಬೇರೊಂದು ವಿಧಾನವನ್ನು ನೆಚ್ಚಿಕೊಂಡಿದ್ದೇವೆ.

ಆ ಬೇರೆ ವಿಧಾನವನ್ನು ಬಿಡಿಸಿ ತೋರಿಸಿದವರಲ್ಲಿ ಮುಖ್ಯರು ಅಜೀಜ್ ಸಂಜಾರ್. ಟರ್ಕಿ ದೇಶದ ಸವೂರ್ ಎಂಬ ಸಣ್ಣ ಊರಿನ ಕೃಷಿಕ ಕುಟುಂಬದ ಮಗ. ತಂದೆ ತಾಯಿ ಶಾಲೆ ಕಂಡವರಲ್ಲ. ವೈದ್ಯರಾಗಿ ಸ್ವಲ್ಪ ಕಾಲ ಊರಲ್ಲೇ ಸೇವೆ ಮಾಡಿ ಅಮೆರಿಕಕ್ಕೆ ಹೋದ ಇವರು, 1983ರಲ್ಲಿ ಇ-ಕೋಲೈಯ ಮೂರು ಪ್ರೋಟೀನುಗಳು ಸೇರಿ ಕೆಟ್ಟ ಭಾಗದ ಎರಡೂ ಬದಿ ಕತ್ತರಿಸಿ, 12-13 ಅಕ್ಷರಗಳ ತುಂಡನ್ನೇ ತೆಗೆಯುವುದನ್ನು ತೋರಿಸಿದರು. ಹರಿದ ಬಟ್ಟೆಯ ಆ ಭಾಗವನ್ನು ಕತ್ತರಿಸಿ ತೇಪೆ ಹಾಕಿದ ಹಾಗೆ. ತೇಪೆಗೆ ಅಳತೆ ಎದುರಿನ ಎಳೆಯಿಂದ ಸಿಗುತ್ತದೆ. ಈ ಕೆಲಸ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳೂ ಇದ್ದಾರೆ. ಬಿಸಿಲಿಗೆ ಹೋದರೆ ಅವರ ಚರ್ಮ ಸುಡುತ್ತದೆ, ಎಳೆಯ ಪ್ರಾಯದಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ. ಅವರ ಜೀವಕೋಶಗಳಲ್ಲಿ ತೇಪೆ ಹಾಕುವ ಕೆಲಸ ನಡೆಯುತ್ತಿಲ್ಲ ಎಂಬುದನ್ನು 1968ರಲ್ಲಿ ಜೇಮ್ಸ್ ಕ್ಲೀವರ್ ಕಂಡುಕೊಂಡರು.

ಮೂರನೆಯ ವಿಧಾನ ಶಾಲೆಯ ಮಾಸ್ತರರು ನಕಲು ತಿದ್ದಿದಂತೆ. ನಕಲಿನಲ್ಲಿ ತಪ್ಪು ಅಕ್ಷರ ಬಿದ್ದರೆ ಒಂದು ಪ್ರೋಟೀನು ಅದನ್ನು ಗುರುತಿಸುತ್ತದೆ. ಆದರೆ ಎರಡು ಎಳೆಗಳಲ್ಲಿ ಮೂಲ ಯಾವುದು, ನಕಲು ಯಾವುದು ಎಂದು ತಿಳಿಯುವುದು ಹೇಗೆ? ಹಳೆಯ ಎಳೆಯ ಮೇಲೆ ಅಲ್ಲಲ್ಲಿ ಒಂದು ರಾಸಾಯನಿಕ ಗುರುತು ಇರುತ್ತದೆ, ಹೊಸ ಎಳೆಗೆ ಆ ಗುರುತು ಬೀಳಲು ಸ್ವಲ್ಪ ಹೊತ್ತು ಬೇಕು. ಗುರುತಿಲ್ಲದ್ದನ್ನು ತಿದ್ದಲಾಗುತ್ತದೆ. ಇದನ್ನು ಇ-ಕೋಲೈಯಲ್ಲಿ ಹಂತಹಂತವಾಗಿ ಬಿಡಿಸಿದವರು ಪಾಲ್ ಮೋಡ್ರಿಕ್. ಇದರಿಂದ ನಕಲಿನ ತಪ್ಪು ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದೇ ವ್ಯವಸ್ಥೆ ಕೆಟ್ಟಾಗ ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬರುತ್ತದೆ ಎಂದು 1993ರಲ್ಲಿ ತಿಳಿಯಿತು. ಲಿಂಡಾಲ್, ಮೋಡ್ರಿಕ್, ಸಂಜಾರ್ ಮೂವರಿಗೂ 2015ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು.

"ಬ್ಯಾಕ್ಟೀರಿಯಾದ ಮೇಲೆ ಇಷ್ಟೊಂದು ಹಣ ಏಕೆ ಸುರಿಯಬೇಕು? ಇದರಿಂದ ಬಡವನಿಗೇನು ಲಾಭ?" ಎಂದು ಕೇಳುವವರಿಗೆ ಇದೇ ಉತ್ತರ. ಕೆಲ್ನರ್ ಕೆಲಸ ಮಾಡುವಾಗ ಯಾವ ಕ್ಯಾನ್ಸರ್ ರೋಗಿಯೂ ಅವರ ಮುಂದಿರಲಿಲ್ಲ. ಆದರೆ ಆ ದಾರಿಯಲ್ಲಿ ನಡೆಯದೆ ಇದ್ದಿದ್ದರೆ, ಇಂದು ಒಂದು ಕುಟುಂಬದವರಿಗೆ "ನೀವು ಮುಂಚಿತವಾಗಿ ಕರುಳಿನ ಪರೀಕ್ಷೆ ಮಾಡಿಸಿಕೊಳ್ಳಿ" ಎಂದು ಹೇಳಲು ವೈದ್ಯರಿಗೆ ಆಧಾರವೇ ಇರುತ್ತಿರಲಿಲ್ಲ.

ಅಪಾಯದ ಗಂಟೆ

ಈಗ ನಮ್ಮ ಮಾತ್ರೆಯ ವಿಷಯಕ್ಕೆ ಬರೋಣ. 1944ರ ಬೇಸಿಗೆಯಲ್ಲಿ ಅದೇ ಕೋಲ್ಡ್ ಸ್ಪ್ರಿಂಗ್ ಹಾರ್ಬರಿಗೆ ಬಂದ ಇವೆಲಿನ್ ವಿಟ್ಕಿನ್ ಎಂಬ ಯುವತಿ ಇ-ಕೋಲೈ ಮೇಲೆ ಅತಿನೇರಳೆ ಕಿರಣ ಬಿಟ್ಟರು. ಹೆಚ್ಚಿನವು ಸತ್ತವು, ಬೆರಳೆಣಿಕೆಯಷ್ಟು ಉಳಿದವು. ಉಳಿದವುಗಳ ಬೆನ್ನು ಹಿಡಿದು ಆಕೆ ಹಲವು ದಶಕ ದುಡಿದರು. ಏಟು ತಿಂದ ಸಾಮಾನ್ಯ ಇ-ಕೋಲೈ ಎರಡಾಗುವುದನ್ನು ನಿಲ್ಲಿಸಿ ದಾರದಂತೆ ಉದ್ದವಾಗುತ್ತದೆ. ಮೊದಲು ರಿಪೇರಿ, ಆಮೇಲೆ ಸಂತಾನ ಎಂಬಂತೆ. ಇದು, ಮತ್ತು ಇಂಥ ಬೇರೆ ಬದಲಾವಣೆಗಳು, ಒಂದೇ ಗಂಟೆಗೆ ಓಗೊಟ್ಟು ಒಟ್ಟಾಗಿ ನಡೆಯುತ್ತವೆ ಎಂಬ ವಿಚಾರ ಆಕೆಯಿಂದ ಬೆಳೆಯಿತು. ಕ್ರೊಯೇಷಿಯಾ ಮೂಲದ ಮಿರೊಸ್ಲಾವ್ ರಾಡ್‌ಮನ್ ಇದಕ್ಕೆ ಎಸ್.ಒ.ಎಸ್. ಎಂದು ಹೆಸರಿಟ್ಟರು. ಮುಳುಗುವ ಹಡಗು ಕಳುಹಿಸುವ ಕರೆಯ ಹೆಸರದು. ವಿಟ್ಕಿನ್ 2015ರಲ್ಲಿ ಲಾಸ್ಕರ್ ಪ್ರಶಸ್ತಿ ಪಡೆದು, 2023ರಲ್ಲಿ 102ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ಗಂಟೆ ಬಾರಿಸುವ ಕ್ರಮ ಹೀಗಿದೆ. ಎಳೆ ಹರಿದಲ್ಲಿ ರೆಕ್-ಎ ಎಂಬ ಪ್ರೋಟೀನು ಸುತ್ತಿಕೊಳ್ಳುತ್ತದೆ. ಸುಮಾರು ನಲವತ್ತು ಜೀನ್‌ಗಳನ್ನು ಅದುಮಿ ಹಿಡಿದಿರುವ ಲೆಕ್ಸ್-ಎ ಎಂಬ ಕಾವಲುಗಾರ ಆಗ ತಾನೇ ತುಂಡಾಗುತ್ತಾನೆ. ಜೀನ್‌ಗಳು ಎಚ್ಚರಗೊಳ್ಳುತ್ತವೆ. ಮೊದಲು ಜಾಗ್ರತೆಯ ರಿಪೇರಿಗಾರರು ಬರುತ್ತಾರೆ. ಅವರಿಂದ ಕೆಲಸ ಮುಗಿಯದಿದ್ದರೆ ಕೊನೆಗೆ ಒರಟು ರಿಪೇರಿಗಾರನೊಬ್ಬ ಬರುತ್ತಾನೆ. ಅಕ್ಷರ ಸರಿಯೋ ತಪ್ಪೋ ನೋಡದೆ ಹೇಗಾದರೂ ಎಳೆಯನ್ನು ಮುಂದುವರಿಸುವುದು ಅವನ ಕೆಲಸ. ಜೀವ ಉಳಿಯುತ್ತದೆ, ಆದರೆ ಬರಹದಲ್ಲಿ ಹೊಸ ತಪ್ಪುಗಳು ಸೇರುತ್ತವೆ. ಹೆಚ್ಚಿನ ತಪ್ಪುಗಳು ಆ ಜೀವಿಗೇ ಕೇಡು. ಆದರೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಯಾವುದೋ ಒಂದಕ್ಕೆ ಆ ತಪ್ಪೇ ಮದ್ದಿನಿಂದ ತಪ್ಪಿಸಿಕೊಳ್ಳುವ ಕಿಂಡಿಯಾಗಬಹುದು.

ಸಿಪ್ರೊಫ್ಲಾಕ್ಸಾಸಿನ್ ಮಾಡುವ ಕೆಲಸವೇ ಎಳೆಯನ್ನು ಹರಿಯುವುದು. ಹಗ್ಗ ಹೆಚ್ಚು ಹುರಿಗೊಂಡು ಗಂಟಾಗದಂತೆ ಬ್ಯಾಕ್ಟೀರಿಯಾದ ಒಂದು ಕಿಣ್ವ ಅದನ್ನು ಕತ್ತರಿಸಿ, ತಿರುಚು ಬಿಡಿಸಿ, ಮತ್ತೆ ಜೋಡಿಸುತ್ತಿರುತ್ತದೆ. ಕತ್ತರಿಸಿದ ಹಂತದಲ್ಲೇ ಈ ಮದ್ದು ಆ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಮದ್ದು ಸಾಕಷ್ಟಿದ್ದರೆ ರೋಗಾಣು ಸಾಯುತ್ತದೆ. ಸಾಯದಷ್ಟು, ಆದರೆ ಪೆಟ್ಟಾಗುವಷ್ಟು ಇದ್ದರೆ ಗಂಟೆ ಬಾರಿಸುತ್ತದೆ, ಒರಟು ರಿಪೇರಿ ಶುರುವಾಗುತ್ತದೆ. ಹಾವನ್ನು ಅರೆಜೀವ ಮಾಡಿ ಬಿಡಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅರ್ಧ ಮಾತ್ರೆ ಮಾಡುವುದು ಅದನ್ನೇ.

ಇದು ಬರಿಯ ಊಹೆಯಲ್ಲ. 2005ರಲ್ಲಿ ಫ್ಲಾಯ್ಡ್ ರೋಮ್ಸ್‌ಬರ್ಗ್ ಅವರ ತಂಡ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿತು. ಕಾವಲುಗಾರ ತುಂಡಾಗದಂತೆ ಬದಲಾಯಿಸಿದ ಇ-ಕೋಲೈಯನ್ನು ಇಲಿಗಳಿಗೆ ಸೋಂಕಿಸಿ ಸಿಪ್ರೊ ಕೊಟ್ಟರು. ಆ ರೋಗಾಣುಗಳಲ್ಲಿ ಮದ್ದಿಗೆ ಪ್ರತಿರೋಧ ಬೆಳೆಯಲಿಲ್ಲ. ಸಾಮಾನ್ಯ ಇ-ಕೋಲೈಯಲ್ಲಿ ಬೆಳೆಯಿತು.

ನಮ್ಮ ದಕ್ಷಿಣ ಭಾರತಕ್ಕೆ ಹತ್ತಿರದ ಉದಾಹರಣೆಯೂ ಇದೆ. 1992ರ ಕೊನೆಯಲ್ಲಿ ಮದ್ರಾಸಿನಲ್ಲಿ ಒ-139 ಎಂಬ ಹೊಸ ಬಗೆಯ ಕಾಲರಾ ಕಾಣಿಸಿಕೊಂಡಿತು. ಅದರ ರೋಗಾಣುವಿನಲ್ಲಿ ಹಲವು ಮದ್ದುಗಳನ್ನು ಎದುರಿಸುವ ಜೀನ್‌ಗಳು ಒಂದೇ ಗಂಟಿನಲ್ಲಿ ಕಟ್ಟಿಟ್ಟಂತೆ ಇದ್ದವು. ಆ ಗಂಟು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಅಪಾಯದ ಗಂಟೆ ಬಾರಿಸಿದಾಗ ಈ ದಾಟುವಿಕೆ ನೂರಾರು ಪಟ್ಟು ಹೆಚ್ಚುತ್ತದೆ, ಗಂಟೆ ಬಾರಿಸುವವುಗಳಲ್ಲಿ ಸಿಪ್ರೊ ಕೂಡ ಒಂದು ಎಂದು 2004ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಂದರೆ ನಾವು ಒಂದು ಮದ್ದನ್ನು ಮನಬಂದಂತೆ ಬಳಸಿದರೆ ಬೇರೆ ಮದ್ದುಗಳೂ ಕೈಬಿಟ್ಟು ಹೋಗಬಹುದು.

ಎಲ್ಲ ಪ್ರತಿರೋಧಕ್ಕೂ ಈ ಒರಟು ರಿಪೇರಿಯೇ ಕಾರಣ ಎಂದು ಹೇಳಲಾಗದು. ಮದ್ದಿಗೆ ಮೊದಲೇ ಹುಟ್ಟಿದ್ದ ಬದಲಾವಣೆಗಳನ್ನು ಮದ್ದು ಆರಿಸಿ ಬೆಳೆಸುವುದೂ ಇದೆ. ಆದರೆ ಫಲ ನಮ್ಮ ಕಣ್ಣೆದುರಿಗಿದೆ. ಹಳೆಯ ಮದ್ದುಗಳು ಸೋತ ಮೇಲೆ ಟೈಫಾಯ್ಡಿಗೆ ಸಿಪ್ರೊ ಸಂಜೀವಿನಿಯಂತೆ ಬಂತು. 1990ರ ದಶಕದಲ್ಲೇ ಅದರ ಬಲ ಕುಂದತೊಡಗಿತು. ಇಂದು ನಮ್ಮ ದೇಶದಲ್ಲಿ ಟೈಫಾಯ್ಡಿಗೆ ವೈದ್ಯರು ಅದನ್ನು ನೆಚ್ಚುವುದಿಲ್ಲ, ಬೇರೆ ಮದ್ದುಗಳಿಗೆ ಹೋಗಬೇಕಾಗಿದೆ. 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷದ 70 ಸಾವಿರ ಸಾವುಗಳಿಗೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳು ನೇರ ಕಾರಣ ಎಂದು ತಜ್ಞರು ಅಂದಾಜು ಮಾಡಿದ್ದಾರೆ.

ಕೋಳಿ ಗೂಡಿನಲ್ಲಿ

ಸಿಪ್ರೊದ ಅಣ್ಣನಂಥ ಎನ್ರೊಫ್ಲಾಕ್ಸಾಸಿನ್ ಪ್ರಾಣಿಗಳ ಮದ್ದು. ಪ್ರಾಣಿಯ ದೇಹದಲ್ಲಿ ಅದರ ಒಂದು ಪಾಲು ಸಿಪ್ರೊ ಆಗಿಯೇ ಮಾರ್ಪಡುತ್ತದೆ. ಒಂದೆರಡು ಕೋಳಿಗೆ ಕಾಯಿಲೆ ಬಂದರೆ ಇಡೀ ಗೂಡಿನ ಕುಡಿಯುವ ನೀರಿಗೆ ಅದನ್ನು ಹಾಕುವ ಕ್ರಮ ಇದೆ. ಯಾವ ಕೋಳಿ ಎಷ್ಟು ಕುಡಿಯಿತು ಎಂದು ಯಾರಿಗೆ ಗೊತ್ತು? ಕಾಯಿಲೆಯ ಕೋಳಿ ಕಡಿಮೆ ಕುಡಿಯುತ್ತದೆ, ಆರೋಗ್ಯದ ಕೋಳಿ ಸುಮ್ಮನೆ ಕುಡಿಯುತ್ತದೆ. ಅರೆಜೀವದ ಹಾವುಗಳನ್ನು ಸಾಕಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಬೇಕಿಲ್ಲ. ಅಮೆರಿಕ 2005ರಲ್ಲಿ ಕೋಳಿಗಳಿಗೆ ಈ ಮದ್ದನ್ನು ಕೊಡುವುದನ್ನೇ ನಿಲ್ಲಿಸಿತು. ನಮ್ಮ ಸರಕಾರ 2019ರಲ್ಲಿ ಕೊಲಿಸ್ಟಿನ್ ಎಂಬ ಇನ್ನೊಂದು ಮದ್ದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ನಿಷೇಧಿಸಿತು. ಸಿಪ್ರೊ ವರ್ಗಕ್ಕೂ ಅಂಥದೇ ಗಟ್ಟಿ ಕ್ರಮ ಬೇಕು ಎಂದು ನಾನು ಹೇಳುತ್ತೇನೆ. ಈ ಮದ್ದು ಕೋಳಿ ಗೊಬ್ಬರದ ಮೂಲಕ ಮಣ್ಣಿಗೂ ಸೇರಿ, ಮಣ್ಣಿಗೆ ಅಂಟಿಕೊಂಡು ಬಹಳ ಕಾಲ ಉಳಿಯುತ್ತದೆ ಎಂಬುದನ್ನು ಅಡಿಕೆ ತೋಟಕ್ಕೆ ಅದೇ ಗೊಬ್ಬರ ಹಾಕುವ ನಾವು ಮರೆಯಬಾರದು.

ತಪ್ಪು ಬಡವನದ್ದು ಮಾತ್ರವೇ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ದಿನಗೂಲಿಯ ಒಬ್ಬಾತ ಜ್ವರಕ್ಕೆ ವೈದ್ಯರ ಬಳಿ ಹೋದರೆ ಆ ದಿನದ ಕೂಲಿ ಹೋಗುತ್ತದೆ, ಬಸ್ಸಿನ ಹಣ, ಫೀಸು, ರಕ್ತಪರೀಕ್ಷೆ ಎಲ್ಲ ಸೇರುತ್ತದೆ. ಅಂಗಡಿಯಲ್ಲಿ ಎರಡು ಮಾತ್ರೆ ತಂದರೆ ಮರುದಿನ ಕೆಲಸಕ್ಕೆ ಹೋಗಬಹುದು. ಅವನಿಗೆ ಡಿ.ಎನ್.ಎ. ಪಾಠ ಹೇಳಿ ಗದರಿಸುವುದು ಸುಲಭ. ಆದರೆ ಎಲ್ಲ ಹೊರೆಯನ್ನೂ ಅವನ ತಲೆಗೆ ಕಟ್ಟುವುದು ಸರಿಯಲ್ಲ.

ಯಾಕೆಂದರೆ ದೊಡ್ಡವರ ತಪ್ಪು ಇನ್ನೂ ದೊಡ್ಡದು. ತೆಲಂಗಾಣದ ಪಟಾಂಚೆರುವಿನಲ್ಲಿ ಸುಮಾರು 90 ಔಷಧಿ ಕಾರ್ಖಾನೆಗಳ ಕೊಳೆನೀರನ್ನು ಒಂದೇ ಕಡೆ ಶುದ್ಧೀಕರಿಸುವ ಘಟಕವಿತ್ತು. ಅಲ್ಲಿಂದ ಹೊರಬಿಟ್ಟ "ಶುದ್ಧ" ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂ ವರೆಗೆ ಸಿಪ್ರೊ ಇತ್ತೆಂದು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ! 2020ರ ಜನವರಿಯಲ್ಲಿ ಕೇಂದ್ರ ಸರಕಾರ ಕಾರ್ಖಾನೆಯ ಕೊಳೆನೀರಿನಲ್ಲಿ ಆ್ಯಂಟಿಬಯೋಟಿಕ್‌ಗಳಿಗೆ ಮಿತಿ ಹಾಕುವ ಕರಡನ್ನು ಹೊರಡಿಸಿತು. 2021ರಲ್ಲಿ ಅಂತಿಮ ನಿಯಮ ಬಂದಾಗ ಆ ಮಿತಿಗಳು ಅದರಲ್ಲಿ ಇರಲಿಲ್ಲ. ಕೂಲಿಯವನ ಎರಡು ಮಾತ್ರೆಗೆ ಕಣ್ಣು ಕೆಂಪಾಗಿಸುವವರು ಇದನ್ನೂ ಕೇಳಬೇಕು.

ಹಾಗೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ನಾವಿರುವ ಕೇರಳ ರಾಜ್ಯದಲ್ಲಿ 2024ರ ಜನವರಿಯಲ್ಲಿ "ಆಪರೇಷನ್ ಅಮೃತ್" ಎಂಬ ಹೆಸರಿನಲ್ಲಿ, ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರುವ ಅಂಗಡಿಗಳ ತಪಾಸಣೆ ಶುರುವಾಯಿತು. ಒಳ್ಳೆಯ ಕೆಲಸ. ಆದರೆ ಅಂಗಡಿಯ ಬಾಗಿಲು ಬಿಗಿಯಾದಷ್ಟೂ ಸರಕಾರಿ ಆಸ್ಪತ್ರೆಯ ಬಾಗಿಲು ಅಗಲವಾಗಬೇಕು. ಸಂಜೆ ಕೂಲಿ ಮುಗಿಸಿ ಬಂದವನಿಗೂ ವೈದ್ಯರು ಸಿಗುವಂತಾದರೆ ಮಾತ್ರ ಈ ಕಾನೂನು ಬಡವನಿಗೆ ನ್ಯಾಯವಾಗುತ್ತದೆ.

ನಮ್ಮಿಂದ ಆಗಬೇಕಾದದ್ದು

1. ಶೀತ, ನೆಗಡಿ, ಸಾಮಾನ್ಯ ವೈರಲ್ ಜ್ವರಕ್ಕೆ ಆ್ಯಂಟಿಬಯೋಟಿಕ್ ಬೇಡ. ವೈರಸ್ಸಿಗೆ ಅದು ತಾಗುವುದಿಲ್ಲ. ತಾಗುವುದು ಕರುಳಿನಲ್ಲಿರುವ ನಿರಪರಾಧಿ ಬ್ಯಾಕ್ಟೀರಿಯಾಗಳಿಗೆ. ಅವು ಕಲಿತ ಪಾಠವನ್ನು ನಾಳೆ ರೋಗಾಣುವಿಗೂ ಕಲಿಸಬಹುದು.

2. ವೈದ್ಯರು ಬರೆದಷ್ಟು ಪ್ರಮಾಣ, ಬರೆದಷ್ಟು ದಿನ. ತಾನಾಗಿ ನಿಲ್ಲಿಸುವುದೂ ಬೇಡ, ತಾನಾಗಿ ಮುಂದುವರಿಸುವುದೂ ಬೇಡ. ಕೆಲವು ಸೋಂಕುಗಳಿಗೆ ಮೊದಲಿಗಿಂತ ಕಡಿಮೆ ದಿನದ ಮದ್ದು ಸಾಕೆಂದು ಈಗ ವೈದ್ಯರೇ ಹೇಳುತ್ತಾರೆ. ಅದನ್ನು ನಿರ್ಧರಿಸುವವರು ಅವರು, ನಾವಲ್ಲ.

3. ಎರಡು ವಾರ ಮೀರಿದ ಕೆಮ್ಮಿಗೆ ಅಂಗಡಿಯ ಮಾತ್ರೆ ಖಂಡಿತ ಬೇಡ. ಅದು ಕ್ಷಯವಾಗಿದ್ದರೆ, ಸಿಪ್ರೊ ವರ್ಗದ ಮದ್ದು ರೋಗವನ್ನು ಸ್ವಲ್ಪ ಕಾಲ ಮರೆಮಾಚುತ್ತದೆ. ಸಾಮಾನ್ಯ ಮದ್ದಿಗೆ ಬಗ್ಗದ ಕ್ಷಯಕ್ಕೆ ಇದೇ ವರ್ಗದ ಮದ್ದುಗಳು ಬೇಕಾಗುತ್ತವೆ. ಅವನ್ನೂ ಕಳೆದುಕೊಂಡರೆ ಮುಂದೇನು? ಕಫ ಪರೀಕ್ಷೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ.

4. ಕೋಳಿ, ಹಂದಿ, ದನ ಸಾಕುವವರು ಪಶುವೈದ್ಯರನ್ನು ಕೇಳದೆ ನೀರಿಗೆ ಮದ್ದು ಹಾಕಬೇಡಿ. ಗೂಡಿನ ಗಾಳಿ, ಒಣ ನೆಲ, ಹೊತ್ತಿಗೆ ಸರಿಯಾದ ಲಸಿಕೆ, ಇವು ಮದ್ದಿಗಿಂತ ಅಗ್ಗ. ಮದ್ದು ಕೊಟ್ಟ ಮೇಲೆ ಹೇಳಿದಷ್ಟು ದಿನ ಮಾಂಸ, ಮೊಟ್ಟೆ, ಹಾಲು ಮಾರಬೇಡಿ. ಗೊಬ್ಬರವನ್ನು ಹಸಿಯಾಗಿ ತೋಟಕ್ಕೆ ಹಾಕದೆ ಚೆನ್ನಾಗಿ ಕೊಳೆಸಿ ಹಾಕಿ.

5. ಮನೆಯಲ್ಲಿ ಅತಿನೇರಳೆ ದೀಪದ ನೀರಿನ ಯಂತ್ರವಿದ್ದರೆ ಕೆಲ್ನರ್ ಅವರನ್ನು ನೆನೆಯಿರಿ. ನೀರು ಕದಡಿದ್ದರೆ ಕಿರಣ ಸರಿಯಾಗಿ ತಾಗದು. ಅರ್ಧ ಪೆಟ್ಟು ತಿಂದ ಬ್ಯಾಕ್ಟೀರಿಯಾ ಬೆಳಕಿನಲ್ಲಿ ಮತ್ತೆ ಚೇತರಿಸಿಕೊಳ್ಳಬಹುದು. ದೀಪವನ್ನು ಕಾಲಕಾಲಕ್ಕೆ ಬದಲಾಯಿಸಿ, ನೀರನ್ನು ಬೆಳಕು ಹಾಯದ ಮುಚ್ಚಿದ ಪಾತ್ರೆಯಲ್ಲಿಟ್ಟು ಬೇಗ ಮುಗಿಸಿ. ಸಂಶಯವಿದ್ದರೆ ಕುದಿಸುವುದೇ ಲೇಸು.

ರೋಗಾಣುವಿನ ಒರಟು ರಿಪೇರಿಯನ್ನು ತಡೆಯುವ ಜೊತೆಮದ್ದನ್ನು ಕಂಡುಹಿಡಿಯಲು ಹಲವು ಪ್ರಯೋಗಾಲಯಗಳು ಯತ್ನಿಸುತ್ತಿವೆ. ಅಂಥದೊಂದು ಇನ್ನೂ ಅಂಗಡಿಗೆ ಬಂದಿಲ್ಲ. ಬರುವವರೆಗೆ ಇರುವ ಮದ್ದುಗಳನ್ನು ಉಳಿಸಿಕೊಳ್ಳುವುದೊಂದೇ ದಾರಿ. ನಮ್ಮ ಮಕ್ಕಳಲ್ಲಿ ವಿಜ್ಞಾನ ಓದುವವರಿದ್ದರೆ, ಇಂಜಿನಿಯರಿಂಗ್, ನರ್ಸಿಂಗ್ ಬಿಟ್ಟು ಬೇರೆ ದಾರಿಯೇ ಇಲ್ಲವೆಂದು ಅವರನ್ನು ತಳ್ಳಬೇಡಿ. ಸೂಕ್ಷ್ಮಜೀವಿ ಶಾಸ್ತ್ರವೂ ಜನಸೇವೆಯೇ. ಸವೂರಿನಂಥ ಊರಿನ ಕೃಷಿಕನ ಮಗನಿಗೆ ಸಾಧ್ಯವಾದದ್ದು ನಮ್ಮ ಅಡಿಕೆ ತೋಟದ ಮನೆಯ ಮಕ್ಕಳಿಗೂ ಸಾಧ್ಯ.

ವಾಳೆಯ ಗುರಿಕಾರರು ಮುಂದಿನ ಕೂಟದಲ್ಲಿ ಈ ಐದು ಮಾತುಗಳನ್ನು ಓದಿ ಹೇಳಬೇಕೆಂದು ಕೋರುತ್ತೇನೆ. ಅಲಮಾರಿನಲ್ಲಿ ಉಳಿದಿರುವ ಹಳೆಯ ಮಾತ್ರೆಗಳನ್ನು ಬಾವಿಯ ಹತ್ತಿರವಾಗಲಿ ತೋಟಕ್ಕಾಗಲಿ ಎಸೆಯದೆ, ಹೇಗೆ ವಿಲೇವಾರಿ ಮಾಡಬೇಕೆಂದು ಆರೋಗ್ಯ ಕೇಂದ್ರದಲ್ಲಿ ಕೇಳಿ, ಅವರು ಹೇಳಿದಂತೆ ಮಾಡಿ.